ಗೋಡೆಯ ಹಿಂದೆ ಇದ್ದವರು

ಒಂದು ಭಾನುವಾರ ಸಂಜೆ ನನ್ನ ಆಪಾಳ ಮಗ ಮುಖ ಊದಿಸಿಕೊಂಡು ಮನೆಗೆ ಬಂದ. ಇಂಜಿನಿಯರಿಂಗ್ ಓದುವ ಹುಡುಗ. ಪರೀಕ್ಷೆಯಲ್ಲಿ ಏನಾದರೂ ಎಡವಟ್ಟಾಯಿತೇ ಎಂದು ಕೇಳಿದೆ. "ಅದಲ್ಲ ಮಾಮೂ, ನಾಲ್ಕು ಜನ ಸತ್ತುಹೋದರು" ಎಂದ. ನನ್ನ ಎದೆ ಧಸಕ್ಕೆಂದಿತು. ಸತ್ತವರು ಕಾಗದದ ಮೇಲಿನವರು ಎಂಬುದು ಆಮೇಲೆ ತಿಳಿಯಿತು.

ಇವನೂ ಇವನ ಗೆಳೆಯರೂ ವಾರಕ್ಕೊಮ್ಮೆ ಒಂದು ಮೇಜಿನ ಸುತ್ತ ಕುಳಿತು ಆಡುವ ಆಟವೊಂದಿದೆ. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಮೆರಿಕದ್ದು. ಒಬ್ಬೊಬ್ಬ ಒಂದೊಂದು ಪಾತ್ರ ವಹಿಸುತ್ತಾನೆ. ಒಬ್ಬ ಸೈನಿಕ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಇನ್ನೊಬ್ಬ ಕಥೆ ಹೇಳುತ್ತಾ ಪಂಚನಂತೆ ತೀರ್ಪು ಕೊಡುತ್ತಾನೆ. ಅವನನ್ನು ಮಾಸ್ಟರ್ ಎನ್ನುತ್ತಾರೆ. ಏಟು ಬಿತ್ತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ, ದಾಳಕ್ಕೆ ಅರ್ಥ ಕೊಡುವುದು ದಪ್ಪ ನಿಯಮ ಪುಸ್ತಕ. ಆ ದಿನ ಕಥೆಯಲ್ಲಿ ಒಂದು ಹಳ್ಳಿ, ಹಳ್ಳಿಯಲ್ಲಿ ಒಂದು ಕಣಜ. ಕಣಜದ ಮುಂದಿನ ಕಲ್ಲಿನ ಗೋಡೆಯ ಹಿಂದೆ ನಾಲ್ಕು ಜನ ರೈತರನ್ನು ಅಡಗಿಸಿ ನಮ್ಮ ಹುಡುಗ ಕಾವಲು ನಿಂತಿದ್ದಾನೆ. ಶತ್ರುವಿನ ಕಡೆಯ ಮಂತ್ರವಾದಿ ಅಂಗಳಕ್ಕೆ ಬೆಂಕಿಯುಂಡೆಯೊಂದನ್ನು ಎಸೆದ. ಕಾವಲಿದ್ದವನು ಮೈಸುಟ್ಟುಕೊಂಡು ಬದುಕಿದ. ಗೋಡೆಯ ಹಿಂದೆ ಇದ್ದ ನಾಲ್ವರು ಸತ್ತರು. "ಅವರಿಗೆ ದಾಳ ಕೂಡ ಹಾಕಲಿಲ್ಲ. ಗೋಡೆ ಅಡ್ಡ ಇದ್ದರೂ ಸಾಯಬೇಕಾ ಮಾಮೂ?"

ಆಡುವ ವಯಸ್ಸು ದಾಟಿದ ಹುಡುಗರ ಹುಡುಗಾಟ ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಪ್ರಶ್ನೆ ಹಳೆಯದು. ಮೈಸೂರಿನಿಂದ ಹದಿನೈದು ಕಿಲೋಮೀಟರ್ ದೂರದ ದ್ವೀಪವೊಂದರಲ್ಲಿ ಅದನ್ನು ಒಮ್ಮೆ ದಾಳವಿಲ್ಲದೆ ಕೇಳಲಾಗಿತ್ತು.

ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಯ ಆಟದ ಮಾತು. 2009ರ ಜುಲೈಯಲ್ಲಿ ಮೈಸೂರಿನಲ್ಲಿ ಗಲಭೆಯಾಗಿ ಉದಯಗಿರಿಯ ಸುತ್ತ ಕರ್ಫ್ಯೂ ಬಿದ್ದಾಗ ಈ ಹುಡುಗನಿಗೆ ಐದು ವರ್ಷ. ಅವನು ಬಾಗಿಲ ಹೊರಗೆ ಓಡದಂತೆ ತಡೆಯಲು ಅಮ್ಮಿ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದರು. ಐದಕ್ಕೆ ಐದು, ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೀಟು. ಕವಡೆ ಇರಲಿಲ್ಲ, ಹುಣಸೆಬೀಜವನ್ನು ಸೀಳಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. ಆ ನಾಲ್ಕೈದು ದಿನಗಳಲ್ಲಿ ಅವನು ಕಲಿತ ಮೊದಲ ನಿಯಮ ಇದು: ಅಡ್ಡಗೀಟಿನ ಕಟ್ಟೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಂದೇ ಕಟ್ಟೆಯಲ್ಲಿ ಎದುರಾಳಿಯ ಕಾಯಿ ಪಕ್ಕದಲ್ಲೇ ಕುಳಿತರೂ ಭಯವಿಲ್ಲ. ಕಟ್ಟೆಯಿಂದ ಒಂದು ಮನೆ ಆಚೆ ಬಂದರೆ ಮಾತ್ರ ಕತ್ತು ಹೋಗುತ್ತದೆ. ಎರಡು ಕಾಯಿ ಕೂಡಿ ಗಟ್ಟಿಯಾದರೆ ಅದನ್ನು ಹೊಡೆಯಲು ಇನ್ನೊಂದು ಗಟ್ಟಿಯೇ ಬರಬೇಕು.

ಹುಲಿ ಕುರಿ ಆಟದಲ್ಲಿ ಕಟ್ಟೆಯಿಲ್ಲ. ಅಲ್ಲಿ ಕುರಿಗೆ ಕುರಿಯೇ ಗೋಡೆ. ಹುಲಿ ಹಾರಬೇಕಾದರೆ ಕುರಿಯ ಬೆನ್ನ ಹಿಂದಿನ ಜಾಗ ಖಾಲಿ ಇರಬೇಕು. ಅಲ್ಲಿ ಇನ್ನೊಂದು ಕುರಿ ನಿಂತರೆ ಹುಲಿಯ ಆಟ ನಡೆಯದು. ಚದುರಂಗದಲ್ಲಿ ರಾಜನ ಮುಂದೆ ಪದಾತಿ ನಿಂತರೆ ಆನೆಯ ನೇರ ದಾರಿ ಮುಚ್ಚಿತು. ನಮ್ಮ ಉರ್ದು ಮನೆಗಳಲ್ಲಿ ಶತರಂಜ್ ಎಂದರೂ ಅಷ್ಟೆ, ನಿಯಮ ಬದಲಾಗದು. ಇವೆಲ್ಲದರಲ್ಲೂ ಏಟು ಒಂದು ಪ್ರಶ್ನೆ ಕೇಳಿಯೇ ಬೀಳುತ್ತದೆ: ಯಾರಿಗೆ? ಒಂದು ಸಲಕ್ಕೆ ಒಂದು ಕಾಯಿ, ಅದೂ ಗುರುತಿಸಿ. ಒಂದೇ ಏಟಿಗೆ ಮೂರು ಮನೆಯ ಕಾಯಿಗಳೆಲ್ಲ ಹೋದವು ಎಂಬ ನಿಯಮವನ್ನು ನಾನಂತೂ ನಮ್ಮ ಕಡೆಯ ಹಳೆಯ ಆಟಗಳಲ್ಲಿ ಕಂಡಿಲ್ಲ.

ಹೊರಗಿದ್ದ ಕರ್ಫ್ಯೂ ಬೇರೆ ಬಗೆಯದು. ಅದು ಯಾರು ಎಂದು ಕೇಳುವುದಿಲ್ಲ, ಎಲ್ಲಿ ಎಂದು ಕೇಳುತ್ತದೆ. ಕಲ್ಲೆಸೆದವನೂ ಹಾಲು ತರಲು ಹೊರಟವನೂ ಅದರ ಲೆಕ್ಕದಲ್ಲಿ ಒಂದೇ. ಈ ವ್ಯತ್ಯಾಸವನ್ನು ಆಗ ನಾನು ಯೋಚಿಸಿರಲಿಲ್ಲ. ಹುಡುಗನ ನಾಲ್ಕು ರೈತರು ಸತ್ತ ಮೇಲೆ ಹೊಳೆಯಿತು. ಒಂದು ಆಳಿನ ಮೇಲಿನ ಏಟು, ಇನ್ನೊಂದು ಜಾಗದ ಮೇಲಿನ ಏಟು. ಗೋಡೆ ಕಟ್ಟುವವನು ಸಾಮಾನ್ಯವಾಗಿ ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿರುತ್ತಾನೆ.

ಮುಂದಿನ ಭಾನುವಾರ ಅವನು ಆಟಕ್ಕೆ ಹೋಗಲಿಲ್ಲ. ಇಬ್ಬರೂ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆವು.

ಮೊದಲು ದರಿಯಾ ದೌಲತ್ ಬಾಗ್. 1784ರಲ್ಲಿ ಕಟ್ಟಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ದೊಡ್ಡ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರಾಲಿ ಮತ್ತು ಟಿಪ್ಪುವಿನ ಪಡೆಗಳು ಕರ್ನಲ್ ಬೇಲಿಯ ಸೈನ್ಯವನ್ನು ಸುತ್ತುವರಿದವು. ಚಿತ್ರದಲ್ಲಿ ಇಂಗ್ಲಿಷರ ಸೈನಿಕರು ಚೌಕವಾಗಿ ನಿಂತಿದ್ದಾರೆ, ಬಂದೂಕುಗಳು ಹೊರಮುಖ, ನಡುವೆ ಪಲ್ಲಕ್ಕಿಯಲ್ಲಿ ಬೇಲಿ. ಹುಲಿ ಕುರಿ ಆಟದ ಕುರಿಗಳ ಹಾಗೆ ಒಬ್ಬನ ಬೆನ್ನಿಗೆ ಇನ್ನೊಬ್ಬ. ಕುದುರೆ ಸವಾರರಿಗೆ ಆ ಚೌಕ ಮುರಿಯುವುದು ಸುಲಭವಲ್ಲ. ಆದರೆ ಚೌಕದ ಒಳಗೇ ಮದ್ದಿನ ಬಂಡಿಗಳಿದ್ದವು. ಅವಕ್ಕೆ ಬೆಂಕಿ ತಗುಲಿ ಸಿಡಿದವು. ತಗುಲಿದ್ದು ರಾಕೆಟ್ಟೋ ತೋಪಿನ ಗುಂಡೋ, ಬರೆದವರು ಬೇರೆ ಬೇರೆಯಾಗಿ ಬರೆದಿದ್ದಾರೆ. ಚಿತ್ರಕಾರ ಸ್ಫೋಟವನ್ನಂತೂ ಬಿಡಿಸಿದ್ದಾನೆ. ಹೊರಗಿನಿಂದ ಮುರಿಯದ ಗೋಡೆ ಒಳಗಿನ ಒಂದು ಸಿಡಿತಕ್ಕೆ ಮುರಿಯಿತು. ಹುಡುಗ ಬಹಳ ಹೊತ್ತು ಆ ಚಿತ್ರದ ಮುಂದೆ ನಿಂತಿದ್ದ.

ಟಿಪ್ಪುವಿನ ರಾಕೆಟ್ಟುಗಳ ಬಗ್ಗೆ ನಮ್ಮ ಸಭೆಗಳಲ್ಲಿ ಹೆಮ್ಮೆಯ ಭಾಷಣಗಳು ಸಾಕಷ್ಟು ನಡೆದಿವೆ. ಅದು ಯಾವ ಬಗೆಯ ಆಯುಧ ಎಂದು ಕೇಳುವವರು ಕಡಿಮೆ. ಯುರೋಪಿನವರು ರಟ್ಟಿನ ಕೊಳವೆಗೆ ಮದ್ದು ತುಂಬುತ್ತಿದ್ದ ಕಾಲದಲ್ಲಿ ಮೈಸೂರಿನವರು ಕಬ್ಬಿಣದ ಕೊಳವೆಗೆ ತುಂಬಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಹಾಗಾಗಿ ಹೆಚ್ಚು ದೂರ, ಒಂದು ಕಿಲೋಮೀಟರಿಗೂ ಆಚೆಗೆ, ಹಾರುತ್ತದೆ. ಕೊಳವೆಯನ್ನು ಬಿದಿರಿಗೋ ಕತ್ತಿಯ ಅಲಗಿಗೋ ಕಟ್ಟುತ್ತಿದ್ದರು. ಫಾರಸಿಯಲ್ಲಿ ಇದು 'ಬಾನ್'. ನಮ್ಮ ಬಾಣಬಿರುಸಿನ ಬಾಣವೂ ಇದೇ ಮನೆತನದ್ದು. ಜೈನುಲ್ ಆಬಿದೀನ್ ಶೂಸ್ತರಿ ಟಿಪ್ಪುವಿಗಾಗಿ ಫಾರಸಿಯಲ್ಲಿ ಬರೆದ 'ಫತ್‌ಹುಲ್ ಮುಜಾಹಿದೀನ್' ಎಂಬ ಸೇನಾ ನಿಯಮಗಳ ಪುಸ್ತಕದಲ್ಲಿ ಪ್ರತಿ ಕುಶೂನಿಗೆ, ಅಂದರೆ ದಳಕ್ಕೆ, 200 ಬಾಣಗಾರರು ಎಂಬ ಲೆಕ್ಕವಿದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಬತ್ತಿದ ಬಾವಿಯೊಂದನ್ನು ತೋಡಿದಾಗ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದವು.

ಇಷ್ಟೆಲ್ಲ ಇದ್ದರೂ ಅದು ಗುರಿಯ ಆಯುಧವಲ್ಲ. ಒಬ್ಬನನ್ನು ನೋಡಿ ಹೊಡೆಯಲು ಅದರಿಂದಾಗದು. ಗುಂಪಿರುವ ಕಡೆಗೆ, ಕುದುರೆಗಳಿರುವ ಕಡೆಗೆ ಬಿಡಬೇಕು. ಜಾಗದ ಮೇಲಿನ ಏಟು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನ ಕತ್ತಲಲ್ಲಿ ಆರ್ಥರ್ ವೆಲ್ಲೆಸ್ಲಿಯ ತುಕಡಿಯನ್ನು ಅದು ಚದುರಿಸಿತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇದೇ ವೆಲ್ಲೆಸ್ಲಿ. ಮರುದಿನ ಬೆಳಕಿನಲ್ಲಿ ಅವನು ತೋಪನ್ನು ಹಿಡಿದ. ರಾಕೆಟ್ಟು ಹೆದರಿಸಬಲ್ಲದು, ಸುಡಬಲ್ಲದು. ತೋಪಿನಂತೆ ಒಂದೇ ಕಲ್ಲಿಗೆ ಮತ್ತೆ ಮತ್ತೆ ಬಡಿದು ಗೋಡೆ ಕೆಡವಲಾರದು.

ಇಂಗ್ಲಿಷರ ಬಳಿ ಎರಡೂ ಇದ್ದವು. ಜನರಲ್ ಹ್ಯಾರಿಸನ ಮುತ್ತಿಗೆಯನ್ನು ಓದುವಾಗ ಇದನ್ನು ಗಮನಿಸಬೇಕು. ಗೋಡೆ ಒಡೆಯುವ ತೋಪುಗಳು ವಾಯವ್ಯ ಮೂಲೆಯ ಬಳಿ ಒಂದೇ ಜಾಗಕ್ಕೆ ದಿನಗಟ್ಟಲೆ ಬಡಿದವು. ಅದೇ ವೇಳೆಗೆ ಸಿಡಿಗುಂಡುಗಳು ಕಮಾನಿನಂತೆ ಏರಿ ಗೋಡೆಯನ್ನು ದಾಟಿ ಒಳಗೆ ಬೀಳುತ್ತಿದ್ದವು. ಅಂಥ ಗುಂಡಿಗೆ ಗೋಡೆ ಎಷ್ಟು ದಪ್ಪ ಎಂಬುದು ಲೆಕ್ಕಕ್ಕಿಲ್ಲ. ಮೇ 2ರಂದು ಕೋಟೆಯೊಳಗೆ ರಾಕೆಟ್ಟುಗಳನ್ನಿಟ್ಟಿದ್ದ ಮದ್ದಿನ ಮನೆಯೊಂದಕ್ಕೆ ಏಟು ಬಿದ್ದು ಅದು ಭಯಂಕರವಾಗಿ ಸಿಡಿಯಿತು. ಪೊಳ್ಳಿಲೂರಿನ ಬಂಡಿಗಳ ಕಥೆ, ಈ ಸಲ ತಿರುಗಿಬಿದ್ದು. ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಕಾವೇರಿ ಬೇಸಿಗೆಯಲ್ಲಿ ಬತ್ತಿದ್ದಾಗ, ಡೇವಿಡ್ ಬೇರ್ಡ್ ನೇತೃತ್ವದಲ್ಲಿ ಪಡೆ ಹೊಳೆ ದಾಟಿ ಕೆಲವೇ ನಿಮಿಷಗಳಲ್ಲಿ ಒಡಕನ್ನು ಏರಿತು. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು 1784ರವರೆಗೆ ಇದೇ ಪಟ್ಟಣದಲ್ಲಿ ಬಂದಿಯಾಗಿದ್ದವನು ಈ ಬೇರ್ಡ್. ಹೊರಗೋಡೆಯ ಹಿಂದೆ ಇನ್ನೊಂದು ಕಂದಕ, ಇನ್ನೊಂದು ಗೋಡೆ ಇರುವುದು ಏರಿದವರಿಗೆ ಆಗ ಗೊತ್ತಾಯಿತಂತೆ. ಅದೂ ತಡೆಯಲಿಲ್ಲ. ಸುಲ್ತಾನನ ಶವ ರಾತ್ರಿ ಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿ ಸಿಕ್ಕಿತು.

ರಾಕೆಟ್ಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಲ್ಲಿಂದ ಕೊಂಡೊಯ್ದ ಮಾದರಿಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ಲಂಡನ್ ಸಮೀಪದ ವುಲಿಚ್‌ನಲ್ಲಿ ತನ್ನದೇ ರಾಕೆಟ್ಟು ಮಾಡಿದ. 1807ರ ಸೆಪ್ಟೆಂಬರಿನಲ್ಲಿ ಅದು ಸಿಡಿಗುಂಡುಗಳ ಜೊತೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೆ ಬಿತ್ತು. ಕೋಟೆ ಗೋಡೆಗಳು ಗಟ್ಟಿಯಾಗಿಯೇ ಇದ್ದವು. ಅವುಗಳ ಹಿಂದಿನ ಮನೆಗಳು ಉರಿದವು, ನಗರ ಶರಣಾಯಿತು. ನಮ್ಮ ಆಯುಧ ಜಗತ್ತಿಗೆ ಮಾದರಿಯಾಯಿತು ಎಂದು ಹೇಳುವಾಗ ಈ ಊರನ್ನೂ ಒಮ್ಮೆ ನೆನೆಯಬೇಕೆಂದು ನನ್ನ ಅಭಿಪ್ರಾಯ. ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ.

ಆ ಕಾಲದಲ್ಲೇ ಯುದ್ಧವನ್ನು ಮೇಜಿನ ಮೇಲೆ ತರುವ ಕೆಲಸ ಶುರುವಾಗಿತ್ತು. ಪ್ರಷ್ಯಾದ ರೈಸ್‌ವಿಟ್ಜ್ ಎಂಬಾತ 1812ರಲ್ಲಿ ತನ್ನ ರಾಜನಿಗೆ ಯುದ್ಧದಾಟವೊಂದನ್ನು ಮಾಡಿ ತೋರಿಸಿದ. ಅವನ ಮಗ 1824ರಲ್ಲಿ ಅದನ್ನು ತಿದ್ದಿ ಪುಸ್ತಕ ಮಾಡಿದ. ನಕ್ಷೆ, ದಾಳ, ತೀರ್ಪು ಕೊಡಲು ಅಂಪೈರ್. ಎಷ್ಟು ದೂರದಿಂದ ತೋಪು ಹಾರಿಸಿದರೆ ಎಷ್ಟು ಜನ ಸಾಯುತ್ತಾರೆ ಎಂಬುದಕ್ಕೆ ಕೋಷ್ಟಕ. ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಬರೆದ 'ಲಿಟ್ಲ್ ವಾರ್ಸ್' ಆಟದಲ್ಲಿ ಕೋಷ್ಟಕವೇ ಬೇಡ. ಆಟಿಕೆ ತೋಪಿನಿಂದ ಮರದ ಗುಂಡು ಹಾರಿಸಬೇಕು, ಬಿದ್ದ ಬೊಂಬೆ ಸತ್ತಂತೆ. ಮರದ ತುಂಡಿನ ಮನೆಯ ಹಿಂದೆ ನಿಂತ ಬೊಂಬೆಯನ್ನು ಆ ಮನೆ ನಿಜವಾಗಿಯೇ ಕಾಯುತ್ತದೆ. ವಾದಕ್ಕೆ ಜಾಗವಿಲ್ಲ. ನನಗೆ ಈ ಆಟ ಹಿಡಿಸಿತು.

ಹುಡುಗನ ಬೆಂಕಿಯುಂಡೆ ಹುಟ್ಟಿದ್ದು 1971ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಎಂಬ ಆಟದ ಪುಸ್ತಕ ಬರೆದರು. ಮಧ್ಯಯುಗದ ಯುದ್ಧ, ಸೀಸದ ಬೊಂಬೆಗಳು, ಕೋಟೆ ಮುತ್ತಿಗೆಯ ನಿಯಮಗಳು. ಕೊನೆಗೆ ಮಾಂತ್ರಿಕರು, ರಾಕ್ಷಸರು ಇರುವ ಒಂದು ಸೇರ್ಪಡೆ. ಮಂತ್ರವಾದಿಯ ಬೆಂಕಿಯುಂಡೆ ಎಷ್ಟು ಜಾಗ ಸುಡುತ್ತದೆ? ದೊಡ್ಡ ಕವಣೆಯಂತ್ರದ ಕಲ್ಲು ಬಿದ್ದಾಗ ಎಷ್ಟು ಜಾಗ ಹಾಳಾಗುತ್ತದೋ ಅಷ್ಟು ಎಂದು ಅವರು ಬರೆದರು. ಅವನ ಮಿಂಚಿಗೆ ಅಳತೆ ತೋಪು. ಅಂದರೆ ಮಂತ್ರದ ವೇಷದಲ್ಲಿ ಬಂದದ್ದು ಮುತ್ತಿಗೆಯ ಯಂತ್ರ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಅದೇ ಬೆಂಕಿ ದಾಟಿಕೊಂಡಿತು.

ಬಯಲಿನಲ್ಲಿ ಆಡುವಾಗ ತೊಂದರೆಯಿರಲಿಲ್ಲ. ಆಟ ನೆಲಮಾಳಿಗೆಗೆ ಇಳಿದಾಗ ಗೋಡೆಗಳು ಬಂದವು, ಗೋಡೆಗಳ ಜೊತೆ ಜಗಳವೂ ಬಂತು. 1978ರ ನಿಯಮ ಪುಸ್ತಕ ಬೆಂಕಿಗೆ ನೀರಿನ ಗುಣ ಕೊಟ್ಟಿತು. ಅದು ಸುಮಾರು 33,000 ಘನ ಅಡಿ ಜಾಗ ತುಂಬುತ್ತದೆ. ಕೋಣೆ ಚಿಕ್ಕದಾದರೆ ಉಳಿದದ್ದು ಓಣಿಗೆ ಹರಿಯುತ್ತದೆ. ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಓಣಿಯಾದರೆ 330 ಅಡಿ ಉದ್ದಕ್ಕೆ ಬೆಂಕಿ. ಎಸೆದವನೇ ಸುಟ್ಟುಹೋದ ಆಟಗಳು ಎಷ್ಟೋ. ಇಲ್ಲಿ ಗೋಡೆ ಕಾಯುವುದಿಲ್ಲ, ಬೆಂಕಿಗೆ ದಾರಿ ತೋರಿಸುತ್ತದೆ.

ನಮ್ಮ ಹುಡುಗನ ಗುಂಪು ಇಟ್ಟುಕೊಂಡಿರುವುದು 2014ರ ಪುಸ್ತಕ. 2024ರಲ್ಲಿ ತಿದ್ದಿದ್ದು ಬಂದಿದೆ, ಇವರು ಹಳೆಯದನ್ನು ಬಿಟ್ಟಿಲ್ಲ. ಅದರ ಸಾಮಾನ್ಯ ನಿಯಮ ಶ್ರೀರಂಗಪಟ್ಟಣದ ತೋಪಿನಂತಿದೆ. ಏಟು ಸಿಡಿದ ಬಿಂದುವಿನಿಂದ ನಿಮ್ಮವರೆಗೆ ಅಡೆತಡೆಯಿಲ್ಲದ ನೇರ ಗೆರೆ ಎಳೆಯಲು ಬರಬೇಕು. ನಡುವೆ ಪೂರ್ತಿ ಗೋಡೆಯಿದ್ದರೆ ನೀವು ಪಾರು. ಅರ್ಧ ಮೈ ಮರೆಯಾಗಿದ್ದರೆ ತಪ್ಪಿಸಿಕೊಳ್ಳುವ ದಾಳಕ್ಕೆ 2 ಕೂಡಿಸಬಹುದು, ಮುಕ್ಕಾಲು ಮೈ ಮರೆಯಾಗಿದ್ದರೆ 5. ಆದರೆ ಬೆಂಕಿಯುಂಡೆಗೆ ಅದೇ ಪುಸ್ತಕ ಬೇರೆ ಅಪ್ಪಣೆ ಕೊಟ್ಟಿದೆ: ಸಿಡಿದ ಜಾಗದಿಂದ 20 ಅಡಿಯೊಳಗೆ ಅದು ಮೂಲೆ ತಿರುಗಿಯೂ ಹರಡಬಹುದು. ಸುತ್ತಲೂ ಮುಚ್ಚಿದ ಗೋಡೆಯಾದರೆ ಪರವಾಗಿಲ್ಲ. ಕಣಜದ ಮುಂದಿನ ಗೋಡೆಗೆ ಒಂದು ತುದಿ ತೆರೆದಿತ್ತು. ಮಾಸ್ಟರ್ ಹೇಳಿದ್ದು ನಿಯಮದಂತೆ ಸರಿಯೇ.

ದಾಳ ಏಕೆ ಹಾಕಲಿಲ್ಲ ಎಂಬುದಕ್ಕೂ ಉತ್ತರವಿದೆ. ಬೆಂಕಿಯುಂಡೆಗೆ ಎಂಟು ದಾಳ. ಅತಿ ಕಡಿಮೆ ಬಿದ್ದರೂ 8. ಚುರುಕಾಗಿ ತಪ್ಪಿಸಿಕೊಂಡವನಿಗೆ ಅದರ ಅರ್ಧ, 4. ಆ ಪುಸ್ತಕಗಳಲ್ಲಿ ಸಾಮಾನ್ಯ ಮನುಷ್ಯನಿಗೆ, ಅಂದರೆ ರೈತನಿಗೋ ಅಂಗಡಿಯವನಿಗೋ, ಇರುವ ಜೀವದ ಅಂಕ 4. ದಾಳ ಎಷ್ಟೇ ಕರುಣೆ ತೋರಿದರೂ ಅವನು ಉಳಿಯುವುದಿಲ್ಲ. ಇದನ್ನು ಹುಡುಗ ಬೆರಳು ಮಡಚಿ ನನಗೆ ವಿವರಿಸಿದಾಗ ನಾನು ಎರಡು ಸಲ ಕೇಳಿಸಿಕೊಂಡೆ. ಮಂತ್ರವಾದಿಗಳಿಗೆ ಬೇರೆ ಗೋಡೆಗಳಿವೆ. ಕಣ್ಣಿಗೆ ಕಾಣದ, ಯಾವ ಏಟಿಗೂ ಜಗ್ಗದ ಶಕ್ತಿಯ ಗೋಡೆಯೊಂದು ಹತ್ತು ನಿಮಿಷ ನಿಲ್ಲುತ್ತದೆ. ಇನ್ನೊಂದು ಗೋಳ, ಹೊರಗಿನ ಬೆಂಕಿ ಸುತ್ತ ಹರಡಿದರೂ ಗೋಳದೊಳಗಿನ ಜಾಗವನ್ನು ಬಿಟ್ಟು ಲೆಕ್ಕ ಹಾಕಬೇಕೆಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಅಮ್ಮಿಯ ಅಡ್ಡಗೀಟಿನ ಕಟ್ಟೆಗೆ ಇಡೀ ಪುಸ್ತಕದಲ್ಲಿ ಹತ್ತಿರ ಬರುವುದು ಇದೊಂದೇ. ಆದರೆ ಚೌಕಾಬಾರದ ಕಟ್ಟೆಯಲ್ಲಿ ಯಾವ ಕಾಯಿ ಬೇಕಾದರೂ ಕೂರಬಹುದು. ಈ ಗೋಳ ಅದನ್ನು ಕಲಿತ ದೊಡ್ಡ ಮಂತ್ರವಾದಿಯ ಬಳಿ ನಿಂತವರಿಗೆ ಮಾತ್ರ, ಅದೂ ಒಂದು ನಿಮಿಷ.

ಶ್ರೀರಂಗಪಟ್ಟಣ ಬಿದ್ದ ಎರಡು ತಿಂಗಳೊಳಗೆ, 1799ರ ಜೂನ್ 30ರಂದು, ಐದು ವರ್ಷದ ಮಗುವೊಂದನ್ನು ಮೈಸೂರಿನಲ್ಲಿ ಸಿಂಹಾಸನದ ಮೇಲೆ ಕೂರಿಸಿದರು. ಟಿಪ್ಪು ಮೈಸೂರಿನ ಹಳೆಯ ಕೋಟೆ ಕೆಡವಿಸಿ ಆ ಕಲ್ಲುಗಳಿಂದ ನಜರಬಾದ್ ಕಟ್ಟಿಸತೊಡಗಿದ್ದ. ಈಗ ನಜರಬಾದಿನ ಕಲ್ಲುಗಳು ಮೈಸೂರಿಗೆ ಹಿಂದಿರುಗಿದವು. ಅದೇ ಮಗು ಬೆಳೆದು ಮುಮ್ಮಡಿ ಕೃಷ್ಣರಾಜ ಒಡೆಯರಾದರು. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡ ಮೇಲೂ ಅವರು 1868ರವರೆಗೆ ಬದುಕಿದ್ದು, ಚದುರಂಗದ ಲೆಕ್ಕಗಳನ್ನೂ ಗಂಜೀಫಾ ಎಲೆಗಳನ್ನೂ ಹೊಸ ಹೊಸ ಪಟದಾಟಗಳನ್ನೂ ಕಟ್ಟಿದರು. ರಾಜ್ಯವಿಲ್ಲದ ರಾಜನ ಕಾಲಹರಣ ಎಂದು ಕೆಲವರು ನಗುವುದುಂಟು. ನನಗೆ ನಗು ಬರುವುದಿಲ್ಲ. ಸುಟ್ಟ ಕೋಟೆಯ ನೆರಳಿನಲ್ಲಿ ಬೆಳೆದವರು, ಒಂದು ಸಲಕ್ಕೆ ಒಂದೇ ಕಾಯಿ ನಡೆಯುವ ಲೋಕ ಕಟ್ಟಿಕೊಂಡರು.

ಕೊನೆಗೆ ಕೋಟೆಯ ಒಡಕಿನ ಬಳಿಗೆ ಬಂದೆವು. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಕಂಬ ಅಲ್ಲಿದೆ. ದಾಳಿ ಮಾಡಿದ ದಳಗಳು, ಸತ್ತ ಅಧಿಕಾರಿಗಳು ಅದರ ಮೇಲಿದ್ದಾರೆ. ಹುಡುಗ ಸುತ್ತು ಬಂದು ಓದಿದ. "ಒಳಗಿದ್ದವರದು ಎಲ್ಲಿದೆ?" ಎಂದ. ಸೈನಿಕರ ಬಗ್ಗೆ ಕೇಳುತ್ತಿಲ್ಲ, ಮನೆಗಳಲ್ಲಿ ಇದ್ದವರ ಬಗ್ಗೆ ಕೇಳುತ್ತಿದ್ದಾನೆ ಎಂದು ಅರ್ಥವಾಗಲು ನನಗೆ ಕೊಂಚ ಹೊತ್ತು ಹಿಡಿಯಿತು.

ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಿದ್ದ. ಅವನು ಬರೆದಿಟ್ಟ ಲೆಕ್ಕ ನನಗೆ ಬಾಯಿಪಾಠ. ಕೋಟೆಯಲ್ಲಿ 4,163 ಮನೆ, ಶಹರ್ ಗಂಜಾಮಿನಲ್ಲಿ 2,216 ಮನೆ. ಮನೆಗೆ ಐದು ಜನರಂತೆ ಗುಣಿಸಿ ಒಟ್ಟು 31,895 ಎಂದ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು ಅವನದೇ ಅಂದಾಜು. ಉಳಿದವರಲ್ಲಿ ದರಬಾರಿನೊಂದಿಗೆ ಹೊರಟವರೆಷ್ಟು, ಕೆಲಸ ಹುಡುಕಿ ಹೋದವರೆಷ್ಟು, ಆ ಏಪ್ರಿಲ್-ಮೇ ತಿಂಗಳಲ್ಲಿ ಸತ್ತವರೆಷ್ಟು ಎಂದು ಮನೆ ಎಣಿಸಿ ಐದರಿಂದ ಗುಣಿಸಿದರೆ ತಿಳಿಯುವುದಿಲ್ಲ.

"ನಮ್ಮ ಮಾಸ್ಟರ್ ಕೂಡ ಹಾಗೇ ಮಾಡಿದ್ದು. ನಾಲ್ಕು ಜನ ಅಂತ ಬರೆದುಕೊಂಡಿದ್ದ, ಅಷ್ಟೆ" ಎಂದ ಹುಡುಗ.

ಹಿಂದಿರುಗುವ ಬಸ್ಸಿನಲ್ಲಿ ಆಟದ ನೋಟುಪುಸ್ತಕ ತೆಗೆದು ನನ್ನ ಕಡೆ ಚಾಚಿದ. ಕಥೆ ಬರೆಯುವವರಲ್ಲವೇ, ಆ ನಾಲ್ವರಿಗೆ ಹೆಸರು ಕೊಡಿ ಎಂದ. ಮೂರು ಹೆಸರು ಬೇಗ ಬಂದವು. ನಾಲ್ಕನೆಯದು ಮಗುವಂತೆ, ಹೆಣ್ಣೋ ಗಂಡೋ ಮಾಸ್ಟರ್ ಹೇಳಿರಲಿಲ್ಲವಂತೆ. ಮನೆಗೆ ಹೋಗಿ ನಾನಿಯನ್ನು ಕೇಳೋಣ ಎಂದು ಆ ಸಾಲನ್ನು ಖಾಲಿ ಬಿಟ್ಟ.